ಪ್ರದರ್ಶನ ಕೋಣೆಯಲ್ಲಿ ದಿನವಿಡೀ ಆಡಿಯೋ ಲೂಪ್: ಮಾಡಿದವರು ಅನುಭವ ಹೇಳಿ

ವಿರಾಜಪೇಟೆ ಹುಡುಗ: ಊರಿನ ಹಳೇ ಸಾಮಾನು ಇಡೋಕೆ ಒಂದು ಕೋಣೆ ಸಿಕ್ಕಿದೆ. ಅಲ್ಲಿ ನಮ್ಮವರೇ ನುಡಿಸಿದ ದುಡಿ ವಾದ್ಯದ ರೆಕಾರ್ಡಿಂಗ್ (8 ನಿಮಿಷ, ಎಂಪಿ3) ಬೆಳಗ್ಗೆ 10ರಿಂದ ಸಂಜೆ 5ರವರೆಗೆ ನಿಲ್ಲದೆ ಕೇಳಿಸಬೇಕು. ಕರೆಂಟ್ ಹೋಗಿ ಬಂದ್ರೆ ತಾನಾಗೇ ಶುರುವಾಗಬೇಕು. ಬಜೆಟ್ 3,000. ಯಾರು ಏನು ಹಾಕಿದ್ದೀರಿ?

ಸೋಮವಾರಪೇಟೆ ಪ್ಲಾಂಟರ್: ಹೋಂಸ್ಟೇ ಪಕ್ಕದ ಕಾಫಿ ಗ್ಯಾಲರಿಗೆ ರಾಸ್ಪ್‌ಬೆರಿ ಪೈ ಝೀರೋ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡು ಹಾಕ್ಸಿದೀನಿ. ಬೋರ್ಡು, ಅಡಾಪ್ಟರ್, ಕಾರ್ಡು, ಡಬ್ಬಿ ಸೇರಿ 3,900. ಝೀರೋಗೆ ಇಯರ್‌ಫೋನ್ ಜ್ಯಾಕೇ ಇಲ್ಲ ಅಂತ ಅಂಗಡಿಯವನು ಬಾಯಿ ಬಿಡಲಿಲ್ಲ, ಯುಎಸ್‌ಬಿ ಸೌಂಡ್ ಕಾರ್ಡಿಗೆ ಮತ್ತೆ 350. ಜೂನ್ ಬಂತು, ಕರೆಂಟ್ ಹೋಗೋದು ಬರೋದು ಶುರುವಾಯ್ತು, ಮೆಮೊರಿ ಕಾರ್ಡ್ ಢಮಾರ್. ಹೊಸದು 600. ಅದೂ ಹೋಯ್ತು. ಕೊನೆಗೆ ಮೈಸೂರಿನಿಂದ ಒಬ್ಬ ಹುಡುಗ ಬಂದು ಸೆಟ್ಟಿಂಗ್‌ನಲ್ಲಿ ಓವರ್‌ಲೇ ಆನ್ ಮಾಡಿದ. ಆಗ ಕಾರ್ಡಿಗೆ ಏನೂ ಬರೆಯಲ್ಲ, ಥಟ್ಟನೆ ಆಫ್ ಆದ್ರೂ ಕೆಡಲ್ಲ. ಅವನಿಗೆ 1,500, ಊಟ, ಬಸ್ ಚಾರ್ಜು ಬೇರೆ. ಈಗ ಬಂಡೆ ಥರ ಓಡ್ತಿದೆ.

ಗೋಣಿಕೊಪ್ಪ ರಿಪೇರಿ ಅಂಗಡಿ: ದುಡಿ ಬಾರಿಸೋಕೆ ಕಂಪ್ಯೂಟರ್ ಬೇಕಾ ಮಾರಾಯ್ರೇ! ಎಂಪಿ3 ನುಡಿಸೋ ಪುಟ್ಟ ಬೋರ್ಡು ಡಿಎಫ್‌ಪ್ಲೇಯರ್ ಮಿನಿ 180, ಅದಕ್ಕೆ ಕಮಾಂಡ್ ಕಳಿಸೋ ಆರ್ಡುಯಿನೋ ನ್ಯಾನೋ 300, ಹಳೇ ಮೊಬೈಲ್ ಚಾರ್ಜರ್, 4 ಓಮ್ ಸ್ಪೀಕರ್. 3 ವಾಟ್ ಆಂಪ್ಲಿಫೈಯರ್ ಡಿಎಫ್‌ಪ್ಲೇಯರ್‌ನಲ್ಲೇ ಇದೆ. ಕಾರ್ಡ್ 32 ಜಿಬಿ ಒಳಗಿರಲಿ, ಫ್ಯಾಟ್32 ಫಾರ್ಮ್ಯಾಟ್. ಕಮಾಂಡ್ ಹೋಗೋ ಆರ್‌ಎಕ್ಸ್ ವೈರಿಗೆ 1ಕೆ ರೆಸಿಸ್ಟರ್ ಹಾಕದೆ ಆಮೇಲೆ ಕಿರ್ ಅನ್ನುತ್ತೆ ಅಂತ ನನ್ನ ಹತ್ರ ಬರ್ಬೇಡಿ. ಕರೆಂಟ್ ಬಂದ ತಕ್ಷಣ ಕಮಾಂಡ್ ಕಳಿಸಬೇಡಿ, ಕಾರ್ಡ್ ಓದ್ಕೊಳ್ಳೋಕೆ ಒಂದೆರಡು ಸೆಕೆಂಡ್ ಬಿಡಿ.

ಪೊನ್ನಂಪೇಟೆ ಮೇಷ್ಟ್ರು: ಇಬ್ಬರಿಗೂ ಕಿವಿ ಇದ್ದಂತಿಲ್ಲ. ಎಂಪಿ3 ಮಾಡುವಾಗಲೇ ಹಿಂದೆ ಮುಂದೆ ಚೂರು ಮೌನ ಸೇರಿಕೊಳ್ಳುತ್ತದೆ. ಎಂಪಿ3 ಸದ್ದನ್ನು 1,152 ಸ್ಯಾಂಪಲ್‌ಗಳ ಒಂದೊಂದು ತುಂಡಾಗಿ ಇಡುತ್ತದೆ, ಒಂದು ತುಂಡು 44.1 ಕಿಲೋಹರ್ಟ್ಸ್‌ನಲ್ಲಿ ಸುಮಾರು 26 ಮಿಲಿಸೆಕೆಂಡ್. ಮಳೆ ಶಬ್ದವಾದರೆ ಯಾರಿಗೂ ಗೊತ್ತಾಗದು, ದುಡಿಗೆ ತಾಳ ಮುಗ್ಗರಿಸುತ್ತದೆ. ಶಾಲೆಯ ಪ್ರದರ್ಶನಕ್ಕೆ ನಾನು ಕುಗ್ಗಿಸದ ವೇವ್ ಫೈಲನ್ನೇ ಇಟ್ಟೆ, ನಿಮಿಷಕ್ಕೆ 10 ಎಂಬಿ. ಪೆಟ್ಟಿನ ಮೇಲೆ ಸರಿಯಾಗಿ ಕತ್ತರಿಸಲು ಆಡಾಸಿಟಿ ಎಂಬ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರ್ ಮುಂದೆ ರಾತ್ರಿಗಳೇ ಹೋದವು. ಕೇಳಿದ ಹಿರಿಯರೊಬ್ಬರು ಎಲ್ಲಿ ಶುರು ಎಲ್ಲಿ ಮುಗಿತು ಗೊತ್ತಾಗಲಿಲ್ಲ ಅಂದರು.

ಗೋಣಿಕೊಪ್ಪ ರಿಪೇರಿ ಅಂಗಡಿ: ಮೇಷ್ಟ್ರೇ, ನೋಡೋಕೆ ಬಂದವರು ಎರಡು ನಿಮಿಷ ನಿಂತು ಸೆಲ್ಫಿ ತೆಗೆದು ಹೋಗ್ತಾರೆ. 26 ಮಿಲಿಸೆಕೆಂಡ್ ಅಳೆಯೋಕೆ ಯಾರೂ ಬರಲ್ಲ. ಅದನ್ನೇ ಏಳು ಸಲ ಅಂಟಿಸಿ ಹೆಚ್ಚುಕಮ್ಮಿ ಒಂದು ಗಂಟೆ ಫೈಲ್ ಮಾಡಿದ್ರೆ ಗಂಟೆಗೊಂದು ಸಲ ಗ್ಯಾಪ್. ಮುಗೀತು.

ಪೊನ್ನಂಪೇಟೆ ಮೇಷ್ಟ್ರು: ಅಂಟಿಸುವ ಮುಂಚೆ ಮೌನ ಕತ್ತರಿಸದಿದ್ದರೆ ಏಳು ಕಡೆಯೂ ಮುಗ್ಗರಿಸುತ್ತದೆ. ರಿಪೇರಿ ಮಾಡುವವರೇ ಹೀಗಂದರೆ!

ಕುಶಾಲನಗರ ಅಕ್ಕ: ಕೌಂಟರ್‌ನಲ್ಲಿ ಕೂರೋರ ಬಗ್ಗೆ ಯಾರಾದ್ರೂ ಒಂದು ಮಾತಾಡಿದ್ರಾ? ನಾನು ಅಂಥ ಕಡೆ ಟಿಕೆಟ್ ಕೊಟ್ಟವಳು. ಕೊಳಲು, ಕೊಳಲು, ಕೊಳಲು. ಮನೆಗೆ ಹೋಗಿ ಮಲಗಿದ್ರೂ ಅದೇ. ಮ್ಯಾನೇಜರ್ ಆಚೆ ಹೋದ ತಕ್ಷಣ ಪ್ಲಗ್ ಕೀಳ್ತಿದ್ದೆ, ಅದರಲ್ಲಿ ನಾಚಿಕೆ ಏನೂ ಇಲ್ಲ. ಆಮೇಲೆ 80 ರೂಪಾಯಿಯ ಪಿಐಆರ್ ಸೆನ್ಸರ್ ಹಾಕಿದ್ರು, ಮನುಷ್ಯರು ಹತ್ರ ಬಂದಾಗ ಮಾತ್ರ ನುಡಿಯುತ್ತೆ. ನಿಲ್ಲದೆ ಅಂತ ಹಟ ಹಿಡಿಯೋರು ಮೊದಲು ಒಂದು ದಿನ ಅಲ್ಲಿ ಕೂತು ನೋಡಿ.

ಸೋಮವಾರಪೇಟೆ ಪ್ಲಾಂಟರ್: ಸೆನ್ಸರ್ ನಮ್ಮಲ್ಲೂ ಹಾಕ್ಸಿದ್ದೆ. ಬಾಗಿಲ ಬಿಸಿಲು ತಾಗಿದ್ರೂ ನುಡಿಯುತ್ತೆ, ನಾಯಿ ಬಂದ್ರೂ ನುಡಿಯುತ್ತೆ. 80 ದಂಡ.

ಕುಶಾಲನಗರ ಅಕ್ಕ: ಬಾಗಿಲ ಕಡೆ ಮುಖ ಮಾಡಿ ಇಟ್ರೆ ಇನ್ನೇನಾಗುತ್ತೆ ಅಣ್ಣ.

ಮಡಿಕೇರಿ ಮಂಟಪ: ಹಳೇ ಮೊಬೈಲ್ ಲೂಪಿಗಿಟ್ಟು ಚಾರ್ಜಿಗೆ ಹಾಕಿ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ನಮ್ಮದರ ಬ್ಯಾಟರಿ ಊದಿ ಡಿಸ್‌ಪ್ಲೇ ಎದ್ದಿತ್ತು. ಬ್ಲೂಟೂತ್ ಸ್ಪೀಕರೂ ಬೇಡ, ಸ್ವಲ್ಪ ಹೊತ್ತು ಸದ್ದಿಲ್ಲದಿದ್ರೆ ತಾನೇ ಆಫ್ ಆಗುತ್ತೆ. ದಸರಾ ಮಂಟಪಕ್ಕೆ ಸೌಂಡ್ ಮಾಡಿದವನು ನಾನು, 3 ವಾಟ್ ಎಲ್ಲಾ ಆಟಿಕೆ.

ಗೋಣಿಕೊಪ್ಪ ರಿಪೇರಿ ಅಂಗಡಿ: ದಸರಾ ಸೌಂಡ್ ತಂದು ಕೋಣೆಯೊಳಗೆ ಇಡ್ತೀರಾ? ಗಾಜಿನ ಬೀರು ಒಡೆದ್ರೆ ಬಿಲ್ ಯಾರಿಗೆ?

ವಿರಾಜಪೇಟೆ ಹುಡುಗ: ಬಜೆಟ್ 3,000 ಅಂದಿದ್ದೆ...

ಮಡಿಕೇರಿ ಮಂಟಪ: ಅದು ಬಿಡು ತಮ್ಮ. ಗೋಣಿಕೊಪ್ಪದವರೇ, ಹೋದ ವರ್ಷ ನನ್ನ ಆಂಪ್ಲಿಫೈಯರ್ ರಿಪೇರಿಗೆ ಕೊಟ್ಟಿದ್ದು ನಿಮ್ಮಂಗಡಿಗೇ ಅಲ್ವಾ? ಅದರ ಗುಂಯ್ ಅನ್ನೋ ಹಂ ಸದ್ದು ಇನ್ನೂ ಹೋಗಿಲ್ಲ.

ಗೋಣಿಕೊಪ್ಪ ರಿಪೇರಿ ಅಂಗಡಿ: ಅದು ನಿಮ್ಮ ಮನೆ ಅರ್ಥಿಂಗ್. ಆಗಲೂ ಹೇಳಿದ್ದೆ.