ಲ್ಯಾಬ್‌ಗೆ ಗೊತ್ತೇ ಇಲ್ಲದ ಸ್ಟೀರಾಯ್ಡ್ ಸಿಕ್ಕಿಬೀಳುವುದು ಹೇಗೆ?

ಮೈಲಿಗಲ್ಲು: ಒಂದು ಅನುಮಾನ. ಡೋಪಿಂಗ್ ಟೆಸ್ಟ್ ಅಂದರೆ ಪಟ್ಟಿ ಹಿಡಿದುಕೊಂಡು, ಮೂತ್ರದಲ್ಲಿ ಇಂಥದ್ದು ಇದೆಯಾ ಅಂತ ಹುಡುಕುವುದು ಅಲ್ವಾ? ಹಾಗಾದರೆ ಯಾರೋ ಕೆಮಿಸ್ಟ್ ಪಟ್ಟಿಯಲ್ಲೇ ಇಲ್ಲದ ಹೊಸದೊಂದನ್ನು ಮಾಡಿಕೊಟ್ಟರೆ? ಅಮೆರಿಕದಲ್ಲಿ ಬಾಲ್ಕೋ ಅನ್ನುವ ಕಂಪನಿ ಆಟಗಾರರಿಗೆ ಗುಟ್ಟಾಗಿ ಸ್ಟೀರಾಯ್ಡ್ ಕೊಟ್ಟ ಹಗರಣದಲ್ಲಿ ಲ್ಯಾಬ್‌ನವರೇ ಕಂಡುಹಿಡಿದರಾ, ಇಲ್ಲಾ ಯಾರಾದರೂ ಸುಳಿವು ಕೊಟ್ಟರಾ?

ಲ್ಯಾಬ್ ಹುಳು: ಸುಳಿವು ಸಿಕ್ಕಿತ್ತು. 2003ರ ಜೂನ್‌ನಲ್ಲಿ ಟ್ರೆವರ್ ಗ್ರಹಾಂ ಅನ್ನುವ ಕೋಚ್ ಹೆಸರು ಹೇಳದೆ ಅಲ್ಲಿನ ಡೋಪಿಂಗ್ ತಡೆ ಸಂಸ್ಥೆಗೆ ಬಳಸಿದ ಸಿರಿಂಜ್ ಒಂದನ್ನು ಕಳಿಸಿದ್ದ. ಅದರಲ್ಲಿ ಉಳಿದಿದ್ದ ಚೂರುಪಾರನ್ನೇ ಲಾಸ್ ಏಂಜಲೀಸ್‌ನ ಡಾನ್ ಕ್ಯಾಟ್ಲಿನ್ ಅವರ ಲ್ಯಾಬ್ ಬಿಡಿಸಿ ನೋಡಿತು. ಸಿಕ್ಕಿದ್ದು ಟಿಎಚ್‌ಜಿ ಅನ್ನುವ ಸ್ಟೀರಾಯ್ಡ್. ಜೆಸ್ಟ್ರಿನೋನ್ ಅಂತ ಹೆಂಗಸರ ಗರ್ಭಕೋಶದ ತೊಂದರೆಗೆ ಕೊಡುವ ಔಷಧ ಇದೆ, ಅದಕ್ಕೆ ನಾಲ್ಕು ಹೈಡ್ರೋಜನ್ ಪರಮಾಣು ಸೇರಿಸಿದರೆ ಇದು.

ಅಲ್ಲಿವರೆಗೆ ಯಾಕೆ ಕಂಡಿರಲಿಲ್ಲ ಅನ್ನುವುದೇ ಮಜಾ. ಆಗಿನ ಟೆಸ್ಟಲ್ಲಿ ಸ್ಯಾಂಪಲ್‌ಗೆ ರಾಸಾಯನಿಕ ಬೆರೆಸಿ, ಕಾಯಿಸಿ, ಆವಿ ಮಾಡಿ ನೋಡುತ್ತಿದ್ದರು. ಟಿಎಚ್‌ಜಿ ಅಷ್ಟಕ್ಕೇ ಚೂರಾಗಿಬಿಡುತ್ತಿತ್ತು. ಕಳ್ಳ ಠಾಣೆ ಬಾಗಿಲಲ್ಲೇ ಕರಗಿಹೋದ ಹಾಗೆ! ಕಾಯಿಸದೆ ದ್ರವದಲ್ಲೇ ಬೇರ್ಪಡಿಸುವ ಯಂತ್ರಕ್ಕೆ ಹಾಕಿದರು, ಸಿಕ್ಕಿತು. ಅದನ್ನು ತಾವೇ ತಯಾರಿಸಿ ಹೋಲಿಸಿದರು, ಒಂದು ಬಬೂನ್ ಕೋತಿಗೂ ಕೊಟ್ಟು ಮೂತ್ರ ನೋಡಿದರು.

ಹಳೇ ಸ್ಪೈಕ್ಸ್: ಬರೀ ಸಿರಿಂಜ್ ಪುಣ್ಯ ಅನ್ನಬೇಡಿ ಮಾರಾಯ್ರೆ. ಹೊರಗಿನಿಂದ ಸ್ಟೀರಾಯ್ಡ್ ಬಂದರೆ ಮೈ ತನ್ನದನ್ನು ಮಾಡುವುದು ಕಮ್ಮಿ ಮಾಡುತ್ತದೆ. ಮೂತ್ರದಲ್ಲಿ ಸಹಜವಾಗಿ ಇರಬೇಕಾದದ್ದು ತೀರಾ ಕಮ್ಮಿ ಇದ್ದರೆ, ಬೇರೇನೂ ಕಾಣದಿದ್ದರೂ ಏನೋ ನಡೆದಿದೆ ಅಂತಲೇ ಲೆಕ್ಕ. ಅದೇ ಲ್ಯಾಬ್ 2002ರಲ್ಲಿ ನಾರ್‌ಬೋಲೆಥೋನ್ ಅನ್ನುವ ಸ್ಟೀರಾಯ್ಡ್ ಹಿಡಿದಾಗ ಇಂಥದ್ದೇ ವಿಚಿತ್ರ ಸ್ಯಾಂಪಲ್ ಕೈಗೆ ಬಂದಿತ್ತು. ಅರವತ್ತರ ದಶಕದಲ್ಲಿ ಮಾಡಿ, ಮಾರುಕಟ್ಟೆಗೇ ಬಿಡದ ಸರಕು ಅದು. ಈಗಂತೂ ಪಾಸ್‌ಪೋರ್ಟ್ ಅಂತ ಒಬ್ಬೊಬ್ಬರ ಅಂಕಿಗಳನ್ನೂ ವರ್ಷಗಟ್ಟಲೆ ಇಟ್ಟು ಏರುಪೇರು ನೋಡುತ್ತಾರೆ, 2014ರಿಂದ ಸ್ಟೀರಾಯ್ಡ್‌ಗೂ ಇದೆ.

ಮೈಲಿಗಲ್ಲು: ಓಹ್, ಪಟ್ಟಿ ಒಂದೇ ಅಲ್ಲ ಹಾಗಾದರೆ. ಅಮೆರಿಕದ ಓಟಗಾರ್ತಿ ಮರಿಯನ್ ಜೋನ್ಸ್ ಕೂಡ ಈ ಹೊಸ ಟೆಸ್ಟಲ್ಲೇ ಸಿಕ್ಕಿದ್ದಾ?

ಲ್ಯಾಬ್ ಹುಳು: ಇಲ್ಲ. ಟೆಸ್ಟಲ್ಲಿ ಸಿಕ್ಕಿದ್ದು ಬ್ರಿಟನ್ನಿನ ಓಟಗಾರ ಡ್ವೇನ್ ಚೇಂಬರ್ಸ್, ಎರಡು ವರ್ಷ ನಿಷೇಧ ಆಯಿತು. ಜೋನ್ಸ್‌ಗೆ ಟಿಎಚ್‌ಜಿ ಪಾಸಿಟಿವ್ ಬರಲೇ ಇಲ್ಲ. 2007ರಲ್ಲಿ ಸ್ಟೀರಾಯ್ಡ್ ತಗೊಂಡಿದ್ದನ್ನು ತಾವೇ ಕೋರ್ಟ್‌ನಲ್ಲಿ ಒಪ್ಪಿಕೊಂಡು, ಸಿಡ್ನಿ ಒಲಿಂಪಿಕ್ಸ್‌ನ ಐದೂ ಪದಕ ವಾಪಸ್ ಕೊಟ್ಟರು.