ಸ್ಯಾಂಡ್‌ಮನ್ ಮೊದಲ ವಾಲ್ಯೂಮಲ್ಲೇ ನಿಂತೋಗಿದೀನಿ, ಮುಂದುವರಿಸ್ಲಾ?

ನೀಲ್ ಗೈಮನ್ ಬರೆದ ಸ್ಯಾಂಡ್‌ಮನ್ ಕಾಮಿಕ್ಸ್ (ಬಿಡಿ ಸಂಚಿಕೆ ಅಂದ್ರೆ ಇಶ್ಯೂ, ಕೆಲವು ಇಶ್ಯೂ ಸೇರಿಸಿದ ಪುಸ್ತಕ ವಾಲ್ಯೂಮ್) ಪೂರ್ತಿ ಓದಿರೋರು ಯಾರಾದ್ರೂ ಇದೀರಾ? ಸಾವಿಲ್ಲದ ಏಳು ಜನ ಒಡಹುಟ್ಟಿದೋರ ಕಥೆ ಅಂತ ಕೇಳಿ ತಗೊಂಡೆ, ಇಲ್ಲಿ ನೋಡಿದ್ರೆ ಆ ಫ್ಯಾಮಿಲಿ ಪತ್ತೇನೇ ಇಲ್ಲ, ಬರೀ ಹಾರರ್. ಆರನೇ ಇಶ್ಯೂ, ಆ ಡೈನರ್ ಒಳಗೆ ನಡೆಯೋದು ಓದಿ ಪುಸ್ತಕ ಮುಚ್ಚಿಟ್ಟೆ. ಇತ್ತೀಚೆಗೆ ಮನೇಲೊಂದು ಸಾವಾಗಿದೆ, ಹಂಗಾಗಿ ಸ್ವಲ್ಪ ಯೋಚನೆ. ಬೇರೆ ಕಡೆಯಿಂದ ಶುರು ಮಾಡ್ಬೋದಾ?

— ಆರನೇದು ಎಲ್ರಿಗೂ ಹಂಗೇ ಆಗುತ್ತೆ ಬಿಡಿ. ಏಳನೇದು ಬೇಗ ತಿರುವಿ ಹಾಕಿ ಎಂಟಕ್ಕೆ ಬನ್ನಿ. 1989ರಲ್ಲಿ ಪ್ರಕಾಶಕರಾದ ಡಿಸಿಯೋರು ಇದನ್ನ ಹಾರರ್ ಥರಾನೇ ಶುರು ಮಾಡಿದ್ದು, ಅವರದ್ದೇ ಬೇರೆ ಕಾಮಿಕ್ಸಿನ ಕಾನ್‌ಸ್ಟಂಟೈನ್, ಜಸ್ಟೀಸ್ ಲೀಗ್‌ನೋರು ಅಂತ ಯಾರ್ಯಾರೋ ಬಂದು ಹೋಗ್ತಾರೆ. ಎಂಟರಲ್ಲಿ ನಮ್ಮ ಹೀರೋ ಡ್ರೀಮ್‌ನ (ಅವನೇ ಸ್ಯಾಂಡ್‌ಮನ್) ಅಕ್ಕ ಬರ್ತಾಳೆ, ಡೆತ್, ಅಂದ್ರೆ ಸಾವೇ. ಕಪ್ಪು ಬಟ್ಟೆ, ಕೊರಳಲ್ಲೊಂದು ಆಂಖ್ (ಈಜಿಪ್ಟಿನ ಕುಣಿಕೆ ಇರೋ ಶಿಲುಬೆ), ಪಕ್ಕದ್ಮನೆ ಹುಡುಗಿ ಥರ ನಗು. ಡ್ರೀಮ್ ಮುಖ ಊದಿಸ್ಕೊಂಡು ಪಾರಿವಾಳಗಳಿಗೆ ಬ್ರೆಡ್ ಹಾಕ್ತಾ ಕೂತಿರ್ತಾನೆ, ಇವಳು ಅದೇ ಬ್ರೆಡ್ ಅವನ ತಲೆಗೆಸೆದು ಚೆನ್ನಾಗಿ ಬೈದು ತನ್ನ ದಿನದ ಕೆಲ್ಸಕ್ಕೆ ಜೊತೆಗೆ ಕರ್ಕೊಂಡು ಹೋಗ್ತಾಳೆ, ಅಷ್ಟೇ ಕಥೆ, ಆದ್ರೆ ಅಲ್ಲಿಂದ ಪುಸ್ತಕದ ದನೀನೇ ಬದಲಾಗುತ್ತೆ. ಒಂದು ಮಾತು ಮೊದ್ಲೇ ಹೇಳ್ತೀನಿ, ಅದರಲ್ಲಿ ಒಂದು ಹಸುಗೂಸಿನ ಸಾವೂ ಇದೆ. ಈಗ ತಡ್ಕೊಳಕ್ಕಾಗಲ್ಲ ಅನ್ಸಿದ್ರೆ ಸದ್ಯಕ್ಕೆ ಬೇಡ.

— ನಾನು ಶುರು ಮಾಡಿದ್ದೇ ಏಳನೇ ವಾಲ್ಯೂಮಿಂದ, ಬ್ರೀಫ್ ಲೈವ್ಸ್. ನಿಮಗೆ ಬೇಕಾಗಿರೋ ಫ್ಯಾಮಿಲಿ ಅಲ್ಲೇ ಇರೋದು. ಡಿಸ್ಟ್ರಕ್ಷನ್ ಅನ್ನೋ ಅಣ್ಣ ಮುನ್ನೂರು ವರ್ಷದ ಹಿಂದೆ ಕೆಲ್ಸ ಬಿಟ್ಟು ಹೊರಟೋಗಿದಾನೆ, ಚಿಕ್ಕ ತಂಗಿ ಡಿಲೀರಿಯಮ್‌ಗೆ ಅವನನ್ನ ಹುಡುಕ್ಬೇಕು, ಡ್ರೀಮ್ ಲವ್ ಫೇಲ್ಯೂರ್ ಮೂಡಲ್ಲಿ ಸುಮ್ನೆ ಜೊತೆಗೆ ಹೊರಡ್ತಾನೆ. ದಾರೀಲಿ ಹದಿನೈದು ಸಾವಿರ ವರ್ಷ ಬದುಕಿದ ಒಬ್ಬ ಗೋಡೆ ಕುಸಿದು ಸಾಯ್ತಾನೆ, ನಾನು ಚೆನ್ನಾಗೇ ಬಾಳಿದೆ ಅಲ್ವಾ ಅಂತ ಕೇಳಿದ್ರೆ ಡೆತ್ ಹೇಳೋದು, ಎಲ್ರಿಗೂ ಸಿಗೋದೇ ನಿನಗೂ ಸಿಕ್ತು, ಒಂದು ಆಯಸ್ಸು, ಅನ್ನೋ ಅರ್ಥದಲ್ಲಿ. ಅವಳ ಆ ಮಾತಲ್ಲಿ ಕರುಣೆ ಇದೆಯೋ ಇಲ್ವೋ ಅಂತ ನಂಗೆ ಇವತ್ತಿಗೂ ಗೊತ್ತಾಗಿಲ್ಲ.

— ಮೇಲಿನವ್ರು ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇಲ್ಲ, ಏಳನೇ ವಾಲ್ಯೂಮಿಗೆ ನೇರ ಹಾರಬೇಡಿ. ಅದರ ಕೊನೆ ತಟ್ಟಬೇಕಂದ್ರೆ ಡ್ರೀಮ್‌ನ ಮಗ ಆರ್ಫಿಯಸ್ ಕಥೆ ಗೊತ್ತಿರ್ಬೇಕು, ಅದು ಆರನೇ ವಾಲ್ಯೂಮಲ್ಲಿದೆ. ಅದಕ್ಕಿಂತ ಮುಖ್ಯ, ಈ ಡ್ರೀಮ್ ಅನ್ನೋ ಮನುಷ್ಯ (ಮನುಷ್ಯ ಅಂತೀನಿ ನೋಡಿ) ಮೊದ್ಲು ಎಷ್ಟು ಕೆಟ್ಟವನಾಗಿದ್ದ ಅಂತ ನೋಡಿರ್ಬೇಕು. ತನ್ನನ್ನ ಬೇಡ ಅಂದ ನಾಡಾ ಅನ್ನೋಳನ್ನ ಹತ್ತು ಸಾವಿರ ವರ್ಷ ನರಕಕ್ಕೆ ತಳ್ಳಿದವನು ಇವನು. ಆಮೇಲೆ 1916ರಲ್ಲಿ ಡೆತ್‌ಗೆ ಅಂತ ಹಾಕಿದ ಬಲೆಗೆ ಇವನು ಬಿದ್ದು ಎಪ್ಪತ್ತು ವರ್ಷ ಗಾಜಿನೊಳಗೆ ಬೆತ್ತಲೆ ಕೂತ್ಕೊಳ್ತಾನಲ್ಲ, ಬದಲಾವಣೆ ಶುರುವಾಗೋದು ಅಲ್ಲಿಂದ, ಅವನಿಗೇ ಅದು ಗೊತ್ತಿಲ್ಲ, ಕೇಳಿದ್ರೆ ನಾನು ಬದಲಾಗಿಲ್ಲ ಅಂತಾನೆ, ಸುತ್ತ ಇರೋರಿಗೆಲ್ಲ ಕಾಣ್ತಿರುತ್ತೆ. ನಾಲ್ಕನೇ ವಾಲ್ಯೂಮಲ್ಲಿ ನಾಡಾಳನ್ನ ಬಿಡಿಸಕ್ಕೆ ನರಕಕ್ಕೆ ಹೋಗ್ತಾನೆ. ಇದೆಲ್ಲ ಬಿಟ್ಟು ಏಳು ಓದಿದ್ರೆ ಒಬ್ಬ ಸಪ್ಪೆ ಮುಖದವನ ರೋಡ್ ಟ್ರಿಪ್ ಅಷ್ಟೇ. ಇನ್ನೊಂದು, ಫೋನಲ್ಲಿ ಓದಬೇಡಿ. ಡ್ರೀಮ್ ಮಾತಾಡಿದ್ರೆ ಕಪ್ಪು ಬಲೂನಲ್ಲಿ ಬಿಳಿ ಅಕ್ಷರ, ಡಿಲೀರಿಯಮ್ ಮಾತಾಡಿದ್ರೆ ಬಣ್ಣ ಬಣ್ಣದ ಬಲೂನು, ಅಕ್ಷರ ಕುಣೀತಿರುತ್ತೆ. ಟಾಡ್ ಕ್ಲೈನ್ ಮಾಡಿರೋ ಆ ಕೆಲ್ಸ ಸಣ್ಣ ಸ್ಕ್ರೀನಲ್ಲಿ ಸತ್ತೋಗುತ್ತೆ.

— ನಾನೂ ಅಪ್ಪ ಹೋದ್ಮೇಲೆ ಓದಿದ್ದು. ಎಂಟನೇ ಇಶ್ಯೂಗಿಂತ ಮೊದ್ಲು ಹದಿಮೂರನೇ ಇಶ್ಯೂ ಓದಿ, ಬಿಡಿ ಕಥೆ, ಹಿಂದೆಮುಂದೆ ಏನೂ ಗೊತ್ತಿರ್ಬೇಕಾಗಿಲ್ಲ. 1389ರಲ್ಲಿ ಒಂದು ಹೆಂಡದಂಗಡೀಲಿ ಹಾಬ್ ಅನ್ನೋ ಸಿಪಾಯಿ, ಜನ ಸಾಯೋದು ಎಲ್ರೂ ಸಾಯ್ತಾರೆ ಅಂತ ಅಷ್ಟೇ, ನಾನಂತೂ ಸಾಯಲ್ಲ ಅಂತ ಕೊಚ್ಕೊಳ್ತಾನೆ, ಅಲ್ಲೇ ಇದ್ದ ಅಕ್ಕ ತಮ್ಮ ಸರಿ ಅಂತ ಬಿಟ್ಬಿಡ್ತಾರೆ. ನೂರು ವರ್ಷಕ್ಕೊಂದ್ಸಲ ಡ್ರೀಮ್ ಅವನನ್ನ ಭೇಟಿ ಮಾಡ್ತಾನೆ. ಒಂದ್ಸಲ ಸಾಹುಕಾರ, ಇನ್ನೊಂದ್ಸಲ ಹೆಂಡ್ತಿ ಮಗ ಎಲ್ಲಾ ಕಳ್ಕೊಂಡು ಹರಿದ ಬಟ್ಟೆ, ಆಗ್ಲೂ ಸಾಯಕ್ಕಿಷ್ಟ ಇಲ್ಲ ಅಂತಾನೆ. ಆ ದಿನಗಳಲ್ಲಿ ನಂಗೆ ಸಮಾಧಾನದ ಮಾತೇ ಬೇಡವಾಗಿತ್ತು, ಇಷ್ಟು ಹಠ ಇರೋ ಒಬ್ಬನ ಜೊತೆ ಸ್ವಲ್ಪ ಹೊತ್ತು ಇರೋದು ಬೇಕಿತ್ತು. ಕೊನೇ ವಾಲ್ಯೂಮ್ ದಿ ವೇಕ್ ಮಾತ್ರ ಈಗ್ಲೇ ಮುಟ್ಟಬೇಡಿ, ಅದು ಪೂರ್ತಿ ಒಂದು ಅಂತ್ಯಸಂಸ್ಕಾರ.

— ಓದೋಕಾಗ್ತಿಲ್ಲ ಅಂದ್ರೆ ನೆಟ್‌ಫ್ಲಿಕ್ಸಲ್ಲಿ 2022ರ ಸೀಸನ್ನಿನ ಆರನೇ ಎಪಿಸೋಡ್ ನೋಡಿ, ಎಂಟು ಮತ್ತೆ ಹದಿಮೂರು ಎರಡೂ ಸೇರ್ಸಿ ಮಾಡಿದಾರೆ. ಮುಂದೆ ಒಂಬತ್ತನೇ ವಾಲ್ಯೂಮಲ್ಲಿ ಮಾರ್ಕ್ ಹೆಂಪೆಲ್ ಡ್ರಾಯಿಂಗ್ ನೋಡಿ ಇದೇನಿದು ಮೂಲೆ ಮೂಲೆ ಮುಖಗಳು ಅಂತ ಸಿಟ್ಟು ಬರುತ್ತೆ, ಸ್ವಲ್ಪ ಸಹಿಸ್ಕೊಳಿ, ಎರಡು ಇಶ್ಯೂ ಆದ್ಮೇಲೆ ಕಣ್ಣಿಗೆ ಹೊಂದ್ಕೊಳತ್ತೆ.

— ಎಲ್ರಿಗೂ ಥ್ಯಾಂಕ್ಸ್. ಹದಿಮೂರು ಮೊದ್ಲು, ಆಮೇಲೆ ಸಾಲಾಗಿ ಎರಡನೇ ವಾಲ್ಯೂಮಿಂದ. ಎಂಟು ಯಾವಾಗ ಅಂತ ನೋಡೋಣ.