ಲೀಕ್ ಆದ ಪಿಕ್ಚರ್ ಅಂತ ಇಳಿಸಿದ್ ಫೈಲು ಓಪನ್ನೇ ಆಗ್ತಿಲ್ಲ, ವೈರಸ್ ಇರ್ಬೋದಾ?

ಮಂಡ್ಯ_ಹೈದ:
ನಮ್ ಅತ್ತೆ ಮಗ ರಜಕ್ಕೆ ಮನೆಗ್ ಬಂದವ್ನೆ, ನಾನ್ ಡ್ಯೂಟಿಗ್ ಹೋಗಿದ್ದಾಗ ನನ್ ಲ್ಯಾಪ್‌ಟಾಪಲ್ಲಿ ಯಾವ್ದೋ ಟೆಲಿಗ್ರಾಮ್ ಲಿಂಕ್ ಹಿಡ್ಕೊಂಡು ಹೋದ್ವಾರ ರಿಲೀಸ್ ಆದ ಪಿಕ್ಚರ್ ಎಚ್‌ಡಿ ಪ್ರಿಂಟು ಅಂತ ಇಳಿಸವ್ನೆ. ಜಿಪ್ ಫೈಲು, ಅದಕ್ಕೊಂದ್ ಪಾಸ್‌ವರ್ಡ್ ಬೇರೆ, ಬಿಚ್ಚಿದ್ರೆ ವಿಎಲ್‌ಸಿ ಐಕಾನ್ ಇರೋ ಒಂದೇ ಫೈಲು. ಡಬಲ್ ಕ್ಲಿಕ್ ಮಾಡಿದ್ರೆ ಕಪ್ಪು ವಿಂಡೋ ಒಂದು ಫಳ್ ಅಂತ ಬಂದ್ ಹೋಯ್ತಂತೆ, ಪಿಕ್ಚರ್ರೂ ಇಲ್ಲ ಏನೂ ಇಲ್ಲ. ವಿಂಡೋಸ್ ಜೊತೆ ಬರೋ ಆಂಟಿವೈರಸ್ ಡಿಫೆಂಡರ್ ಆಫ್ ಮಾಡಿ ಅಂತ ಬರ್ದಿತ್ತಂತೆ, ಮಹಾನುಭಾವ ಅದ್ನೂ ಮಾಡವ್ನೆ. ಕ್ರೋಮಲ್ಲಿ ನನ್ ಜಿಮೇಲು ಬ್ಯಾಂಕು ಎಲ್ಲಾ ಪಾಸ್‌ವರ್ಡ್ ಸೇವ್ ಆಗೈತೆ. ಫೈಲ್ ಡಿಲೀಟ್ ಮಾಡಿದ್ರೆ ಸಾಕಾ?

ಬಿಟ್_ಭೈರ:
ಸಾಕಾಗಲ್ಲ ಗುರು, ಮೊದ್ಲು ವೈಫೈ ಕಟ್ ಮಾಡು. ಅದು ಪಿಕ್ಚರ್ ಅಲ್ಲ, ಪ್ರೋಗ್ರಾಮ್. ವಿಂಡೋಸು ಸೆಟ್ಟಿಂಗ್ ಬದಲಾಯಿಸ್ದೆ ಇದ್ರೆ ಫೈಲ್ ಹೆಸ್ರಿನ ಬಾಲ ತೋರ್ಸಲ್ಲ, ಹಂಗಾಗಿ 'ಎಂಪಿ4.ಇಎಕ್ಸ್‌ಇ' ಅಂತ ಇರೋ ಪ್ರೋಗ್ರಾಮು ಬರೀ ಎಂಪಿ4 ವಿಡಿಯೋ ತರ ಕಾಣುತ್ತೆ, ಐಕಾನ್ ಯಾವ್ದ್ ಬೇಕಾದ್ರೂ ಅಂಟಿಸ್ಬೋದು. ಜಿಪ್‌ಗೆ ಪಾಸ್‌ವರ್ಡ್ ಹಾಕೋದೂ ಒಳಗೇನಿದೆ ಅಂತ ಆಂಟಿವೈರಸ್‌ಗೆ ಗೊತ್ತಾಗ್ಬಾರ್ದು ಅಂತಾನೇ. ಇಂಥದ್ರಲ್ಲಿ ಜಾಸ್ತಿ ಬರೋದು ಲುಮ್ಮಾ ತರದ ಸ್ಟೀಲರ್‌ಗಳು, ಅಂದ್ರೆ ಮಾಹಿತಿ ಕದಿಯೋ ವೈರಸ್‌ಗಳು, ಸೇವ್ ಆಗಿರೋ ಪಾಸ್‌ವರ್ಡ್ ಜೊತೆ ಕುಕೀಸೂ (ನೀನು ಲಾಗಿನ್ ಆಗಿದೀಯ ಅಂತ ಬ್ರೌಸರ್ ಇಟ್ಕೊಂಡಿರೋ ಗುರುತು) ಎತ್ಕೊಂಡ್ ಹೋಗ್ತವೆ. ಕುಕೀಸ್ ಹೋದ್ರೆ ನೀನು ಲಾಗಿನ್ ಆಗಿರೋ ಜಿಮೇಲು ಹಂಗೇ ಅವ್ನ್ ಹತ್ರ ತೆರ್ಕೊಳ್ಳುತ್ತೆ, ಓಟಿಪಿ ಕೇಳೋದೇ ಇಲ್ಲ. ಅದಕ್ಕೆ ಫೋನಿಂದ ಪಾಸ್‌ವರ್ಡ್ ಬದಲಾಯಿಸಿ ಎಲ್ಲಾ ಡಿವೈಸಿಂದ ಸೈನ್ ಔಟ್ ಕೊಡು, ಅದೇ ಲ್ಯಾಪ್‌ಟಾಪಲ್ಲಿ ಕೂತು ಬದಲಾಯಿಸಿದ್ರೆ ಹೊಸದೂ ಹೋಗ್ಬೋದು. ಆಮೇಲೆ ಫಾರ್ಮ್ಯಾಟು. ದುಡ್ಡು ಹೋಗಿದ್ರೆ ತಡ ಮಾಡ್ದೆ ಸೈಬರ್ ವಂಚನೆ ಸಹಾಯವಾಣಿ 1930ಗೆ ಫೋನ್ ಹಾಕು.

ಹುಬ್ಬಳ್ಳಿ_ಮಂದಿ:
ಸುಮ್ನ ಯಾಕ್ ಹೆದರಸ್ತೀರ್ರಿ. ನಾ ಎಷ್ಟೋ ವರ್ಷದಿಂದ ಟೊರೆಂಟ್‌ನ್ಯಾಗ ಇಳಿಸ್ಕೊಂಡ್ ನೋಡಾಕತ್ತೀನಿ, ಏನೂ ಆಗಿಲ್ಲ. ಎಂಕೆವಿ ಅಂತ ವಿಡಿಯೋ ಫೈಲ್ ಇದ್ರ ಇಳಸ್ರಿ, ಇಎಕ್ಸ್‌ಇ ಇದ್ರ ಬಿಡ್ರಿ, ಮುಗೀತು.

ಬಿಟ್_ಭೈರ:
ಅಣ್ಣ, ಫೈಲ್ ತನಕ ಹೋಗೋದೇ ಬೇಡ, ಸೈಟಿನ ಆಡ್ ಸಾಕು. 2024ರ ಡಿಸೆಂಬರ್‌ನಲ್ಲಿ ಪತ್ತೆಯಾದ ಇಂಥದ್ದೊಂದು ದಾಳಿ ಬಗ್ಗೆ ಮೈಕ್ರೋಸಾಫ್ಟ್‌ನೋರೇ ಬರ್ದಿದ್ದಾರೆ, ಕದ್ದ ಸಿನಿಮಾ ತೋರ್ಸೋ ಸೈಟುಗಳ ಆಡ್‌ನಿಂದ ರೀಡೈರೆಕ್ಟ್ ಮೇಲ್ ರೀಡೈರೆಕ್ಟ್ ಆಗಿ ಪ್ರೋಗ್ರಾಮ್ ಕೋಡ್ ಇಡೋ ಸೈಟು ಗಿಟ್‌ಹಬ್‌ಗೆ ಹೋಗಿ ಅಲ್ಲಿಂದ ಮಾಲ್‌ವೇರ್ ಇಳೀತಿತ್ತು, ಹತ್ತತ್ರ 10 ಲಕ್ಷ ಡಿವೈಸಿಗೆ ತಗುಲಿದೆ. ಇನ್ನೊಂದು, 'ನೀವು ರೋಬೋ ಅಲ್ಲ ಅಂತ ತೋರ್ಸಿ' ಅಂತ ಬಂದು ವಿಂಡೋಸ್ ಕೀ ಜೊತೆ ಆರ್ ಒತ್ತಿ, ಪೇಸ್ಟ್ ಮಾಡಿ, ಎಂಟರ್ ಕೊಡಿ ಅನ್ನುತ್ತೆ. ಅಲ್ಲಿ ಕಮಾಂಡ್ ಹಾಕಿ ಕೊಡೋನು ನೀನೇ, ಫೈಲ್ ಯಾವ್ದು ಅಂತ ನೋಡೋ ಪ್ರಶ್ನೇನೇ ಇಲ್ಲ.

ಬಾಲ್ಕನಿ_ಟಿಕೆಟ್:
ಥಿಯೇಟರ್ ಕಡೆಯವ್ನು ನಾನು. ನಮಗ್ ಬರೋ ಡಿಸಿಪಿ, ಅಂದ್ರೆ ಪಿಕ್ಚರ್‌ನ ಡಿಜಿಟಲ್ ಕಾಪಿ, ಲಾಕ್ ಆಗಿರುತ್ತೆ, ಕೆಡಿಎಂ ಅಂತ ಕೀ ಕಳ್ಸ್ತಾರೆ, ಅದು ಆ ಒಂದು ಸರ್ವರ್‌ಗೆ, ಇಷ್ಟು ದಿನಕ್ಕೆ ಅಂತ ಮಾತ್ರ. ಓಟಿಟಿಗೆ ಬರೋಕ್ ಮುಂಚೆ ಹೊರಗೆ ಓಡಾಡೋದು ಹೆಚ್ಚಾಗಿ ಪರದೆ ಮೇಲಿಂದ ಹಿಡಿದದ್ದೇ, ಮುಂದಿನ್ ಸೀಟವ್ನ ತಲೆ, ವಿಷಲ್ಲು ಎಲ್ಲಾ ಸೇರಿ. ವಾರದೊಳಗೆ ಎಚ್‌ಡಿ ಅಂದ್ರೆ ನಾನಂತೂ ನಂಬಲ್ಲ. ಹಂಗೆ ರೆಕಾರ್ಡ್ ಮಾಡೋರು ಪಿಕ್ಚರ್ ಒಳಗೆ ಅಡಗಿರೋ ಗುರುತು, ಅಂದ್ರೆ ವಾಟರ್‌ಮಾರ್ಕಿಂದ ಸಿಕ್ಕಾಕೊಳ್ತಾರೆ, ಯಾವ ಥಿಯೇಟರು ಯಾವ ಶೋ ಅಂತ ಅದ್ರಲ್ಲಿ ಗೊತ್ತಾಗುತ್ತೆ. ಸಿನಿಮಾಟೋಗ್ರಾಫ್ ಕಾಯ್ದೆಯ 2023ರ ತಿದ್ದುಪಡಿ ಪ್ರಕಾರ ಕಮ್ಮಿ ಅಂದ್ರೂ 3 ತಿಂಗಳು ಜೈಲು, 3 ಲಕ್ಷ ದಂಡ.

ಮಂಡ್ಯ_ಹೈದ:
ವೈಫೈ ಕಿತ್ತಾಕ್ದೆ, ಫೋನಿಂದ ಎಲ್ಲಾ ಸೈನ್ ಔಟ್ ಕೊಟ್ಟೆ. ಫಾರ್ಮ್ಯಾಟ್‌ಗ್ ಮುಂಚೆ ಅಕ್ಕನ್ ಮದ್ವೆ ಫೋಟೋ ಪೆನ್‌ಡ್ರೈವಿಗ್ ಹಾಕೋಬೋದಾ?

ಬಿಟ್_ಭೈರ:
ಫೋಟೋ ಮಾತ್ರ ಹಾಕು. ಸೆಟಪ್ ಫೈಲು, ಜಿಪ್ಪು ಒಂದೂ ಬೇಡ.